ಫಿಯೆಟ್ 1100 ರೇಸ್ ಕಾರು: ಆಗುಂಬೆ ಘಾಟಿ ಹತ್ತುವಾಗ ಬಿಸಿಯಾಗಿ ನಿಲ್ಲುತ್ತೆ [ಪರಿಹಾರ ಸಿಕ್ಕಿದೆ]

ಕಲ್ಯಾಣಪುರ_1100

ಎಲ್ಲರಿಗೂ ನಮಸ್ಕಾರ. ಕಾರು ಫಿಯೆಟ್ 1100 ಡಿ, 1089 ಸಿಸಿ. ಮಂಗಳೂರು ಬಂದರಿನ ಒಂದು ಹಂಚಿನ ಗೋದಾಮಿನಲ್ಲಿ ವರ್ಷಗಟ್ಟಲೆ ಮಲಗಿತ್ತು, ಈಗ ಉಡುಪಿಯಲ್ಲಿ ನಮ್ಮ ಮನೆಯಲ್ಲಿದೆ. ಹಿಂದೆ ಯಾರೋ ಇದನ್ನು ರೇಸಿಗೆ ತಯಾರು ಮಾಡಿದ್ದಾರೆ ಅನ್ನೋದರಲ್ಲಿ ಅನುಮಾನ ಇಲ್ಲ. ಹಿಂದಿನ ಸೀಟಿಲ್ಲ. ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಪೈಪಿನ ಪಂಜರ) ಕೂರಿಸಲು ನೆಲಕ್ಕೆ ದಪ್ಪ ತಗಡು ಬೆಸುಗೆ ಹಾಕಿದ್ದಾರೆ. ಹಗುರ ಆಗ್ಲಿ ಅಂತ ಪೆಡಲ್‌ಗಳಿಗೂ ತೂತು ಕೊರೆದಿದ್ದಾರೆ. ಡ್ರೈವರ್ ಬಾಗಿಲಿನ ಬಣ್ಣ ಉಜ್ಜುವಾಗ ಒಳಗಿಂದ ಬಿಳಿ ವೃತ್ತ ಒಂದು ಎದ್ದಿದೆ, ಅದರ ವಿಷಯ ಆಮೇಲೆ ಕೇಳ್ತೇನೆ.

ಟಿಂಕರಿಂಗ್ ಮುಗಿದಿದೆ. ಇಂಜಿನ್ ಬಿಚ್ಚಿ ರಿಂಗು, ಬೇರಿಂಗ್ ಹೊಸದು ಹಾಕಿದ್ದೇವೆ. ವಯರಿಂಗ್ ಪೂರ್ತಿ ಹೊಸದು, ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿದ್ದು.

ಸಮಸ್ಯೆ ಹೀಗೆ. ಉಡುಪಿಯಿಂದ ಹಿರಿಯಡಕ, ಹೆಬ್ರಿ ತನಕ ಬೆಣ್ಣೆ ಹಾಗೆ ಓಡುತ್ತೆ. ಸೋಮೇಶ್ವರ ದಾಟಿ ಘಾಟಿ ಶುರುವಾಗಿ ಕೆಲವು ತಿರುವು ಹತ್ತಿದ ಮೇಲೆ ಮಿಸ್ಸಿಂಗ್ ಹೊಡೆಯುತ್ತೆ. ಪೆಡಲ್ ಒತ್ತಿದಷ್ಟೂ ಜಾಸ್ತಿ. ಸೈಲೆನ್ಸರಿನಲ್ಲಿ ಢಂ ಢಂ ಅಂತ ಎರಡು ಸಲ ಕೇಳಿಸಿ ನಿಂತೇ ಹೋಗುತ್ತೆ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತೆ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗೋದಿಲ್ಲ. ಎಂತ ಮಾಡುವುದು?

ಬೈಂದೂರು_ಬೈಪಾಸ್

ವೇಪರ್ ಲಾಕ್ ಮಾರಾಯ್ರೆ, ಬೇರೆ ಎಂತದೂ ಅಲ್ಲ. ಹಳೇ ಫಿಯೆಟ್‌ಗೆ ಇದು ಹುಟ್ಟುಗುಣ. ಪಂಪ್ ಇಂಜಿನ್ ಮೈಗೇ ಅಂಟಿಕೊಂಡಿದೆ, ಬಿಸಿಗೆ ಪೆಟ್ರೋಲ್ ಒಳಗೇ ಆವಿಯಾಗುತ್ತೆ. ಈಗಿನ ಪೆಟ್ರೋಲಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೇರೆ. ನಮ್ಮ ಅಪ್ಪನ ಕಾಲದಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಎಲೆಕ್ಟ್ರಿಕ್ ಪಂಪ್ ತಂದು ಹಿಂದೆ ಟ್ಯಾಂಕಿ ಹತ್ತಿರ ಹಾಕಿಬಿಡಿ, ತಲೆನೋವು ಮುಗಿಯುತ್ತೆ.

ಮಳೆಗಾಲ_ಮಿಸ್ಸಿಂಗ್

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ ಸೀಳು ಇದೆಯಾ ನೋಡಿ. ನಮ್ಮ ಊರಿನ ತೇವಕ್ಕೆ ಅದೇ ಮೊದಲು ಕೈಕೊಡೋದು.

ಕಲ್ಯಾಣಪುರ_1100

ಕ್ಯಾಪ್, ರೋಟರ್ ಎರಡೂ ಹೊಸದು. ಆಗಿದ್ದೂ ಒಣ ಬೇಸಿಗೆಯಲ್ಲೇ. ಎಲೆಕ್ಟ್ರಿಕ್ ಪಂಪ್ ಹಾಕಬಹುದು, ಆದರೆ ಆ ಕಾಲದ ರೂಪ ಕೆಡಿಸಲು ಮನಸ್ಸಿಲ್ಲ.

ಹಳೇ_ಪಾನ

ಮಂಗಳೂರಿನ ಪಡೀಲಿನಿಂದ ಬರೀತಿದ್ದೇನೆ. ಸದ್ಯಕ್ಕೆ ಏನೂ ಬದಲಿಸಬೇಡಿ, ಏನೂ ಖರೀದಿ ಮಾಡಬೇಡಿ. ಬಿಸಿಗೆ ನಿಂತು ತಣ್ಣಗಾದ ಮೇಲೆ ಓಡುವ ಕಾರನ್ನು ಎಲ್ಲರೂ ವೇಪರ್ ಲಾಕ್ ಅಂತಾರೆ. ಪ್ಲಗ್ಗಿಗೆ ಕಿಡಿ ಹುಟ್ಟಿಸುವ ಕಾಯಿಲ್, ಕಂಡೆನ್ಸರ್ ಸಾಯುವುದೂ ಥೇಟ್ ಹೀಗೇ. ಪೆಟ್ರೋಲಾ, ಕಿಡಿಯಾ ಅನ್ನೋದು ಮೊದಲು ಗೊತ್ತಾಗಬೇಕು. ಅದು ಗೊತ್ತಾಗುವುದು ಕಾರು ನಿಂತ ಜಾಗದಲ್ಲೇ, ಆ ಹತ್ತು ನಿಮಿಷದ ಒಳಗೆ. ಮನೆಗೆ ತಂದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತೆ.

ಮುಂದಿನ ಸಲ ಒಂದು ಹೊಸ ಪ್ಲಗ್, ಒಂದು ಗಾಜಿನ ಬಾಟಲಿ, ಮಲ್ಟಿಮೀಟರ್ ಇಟ್ಟುಕೊಂಡು ಹೋಗಿ. ಜೊತೆಗೆ ಒಬ್ಬರು ಇರಲಿ. ತಿರುವಿನಲ್ಲಿ ನಿಲ್ಲಿಸಬೇಡಿ, ಬಸ್ಸಿನವರು ಬಿಡೋದಿಲ್ಲ, ಅಗಲ ಜಾಗ ನೋಡಿ.

ಮೊದಲು ಕಿಡಿ ನೋಡಿ. ಒಂದು ಪ್ಲಗ್ ವಯರ್ ಕಿತ್ತು ಹೊಸ ಪ್ಲಗ್‌ಗೆ ಸಿಕ್ಕಿಸಿ. ಪ್ಲಗ್ಗಿನ ಮೈ ಇಂಜಿನ್ ಬ್ಲಾಕಿಗೆ ತಾಗಿರಲಿ, ಕಾರ್ಬ್ಯುರೇಟರ್‌ನಿಂದ ದೂರ ಇರಲಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಅಂತ ಬಂದರೆ ಕಾಯಿಲ್ ಬದಿ ಸರಿ ಇದೆ. ಹಳದಿ, ಸಣಕಲು ಕಿಡಿ ಬಂದರೆ ಪೆಟ್ರೋಲ್ ವಿಷಯ ಬಿಟ್ಟುಬಿಡಿ.

ಆಮೇಲೆ ಪೆಟ್ರೋಲ್. ಕಾಯಿಲಿನ ನಡುವಿನ ವಯರ್ ತೆಗೆದು ಬ್ಲಾಕಿಗೆ ತಾಗಿಸಿಡಿ, ಕಿಡಿ ಹಾರಬಾರದು. ಕಾರ್ಬ್ಯುರೇಟರ್‌ಗೆ ಬರುವ ಪೈಪ್ ಕಳಚಿ ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆಯಿರಿ. ಪಿಚಕ್ ಪಿಚಕ್ ಅಂತ ಗಟ್ಟಿಯಾಗಿ ಬಂದರೆ ಪಂಪ್ ಬದುಕಿದೆ. ಬರೀ ನೊರೆ ಬಂದರೆ ಬೈಂದೂರಿನವರು ಹೇಳಿದ್ದೇ ನಿಜ. ಸುಡುವ ಸೈಲೆನ್ಸರ್ ಪೈಪಿನ ಮೇಲೆ ಒಂದು ಹನಿಯೂ ಬೀಳಬಾರದು.

ಇನ್ನೊಂದು ಪ್ರಶ್ನೆ. ಕಾಯಿಲ್ ಯಾವುದು? ಹೊಸದಾ, ಕಾರಿನ ಜೊತೆ ಬಂದದ್ದಾ?

ಕಲ್ಯಾಣಪುರ_1100

ನೀವು ಹೇಳಿದ ಹಾಗೇ ಮಾಡಿದೆ. ಪೆಟ್ರೋಲ್ ಬಾಟಲಿಗೆ ಚೆನ್ನಾಗಿಯೇ ಬಂತು, ನೊರೆ ಇಲ್ಲ. ಕಿಡಿ ಮಾತ್ರ ತೀರಾ ಬಡವಾಗಿತ್ತು, ಹಗಲು ಬೆಳಕಲ್ಲಿ ಕಾಣೋದೇ ಕಷ್ಟ. ಕಾಯಿಲ್ ಮುಟ್ಟಲು ಹೋದೆ, ಕೈ ಇಡಲಿಕ್ಕೆ ಆಗಲಿಲ್ಲ. ಕಾರಿನ ಜೊತೆ ಬಂದ ಹಳೇ ಸ್ಪೋರ್ಟ್ಸ್ ಕಾಯಿಲ್ ಅದು. ಮೇಲಿನ ಅಕ್ಷರ ಅಳಿಸಿದೆ.

ಹಳೇ_ಪಾನ

ಹಾಗಾದರೆ ಪೆಟ್ರೋಲ್ ಪಂಪ್ ಪಾಪ, ಬಿಟ್ಟುಬಿಡಿ.

ಕಾಯಿಲ್ ತಣ್ಣಗಾದ ಮೇಲೆ ಪ್ಲಸ್, ಮೈನಸ್ ಎರಡೂ ವಯರ್ ಬಿಚ್ಚಿ ಅವೆರಡರ ನಡುವಿನ ಓಮ್ ಅಳೆಯಿರಿ. ಅದಕ್ಕೆ ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತೆ ನೋಡಿ. ಅಗ್ಗದ ಮೀಟರಿಗೆ ತನ್ನದೇ ವಯರಿನ ಓಮ್ ಇರುತ್ತೆ, ಅದನ್ನು ಕಳೆಯಬೇಕು. ಆಮೇಲೆ ವಯರ್ ಪುನಃ ಹಾಕಿ, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲಿನ ಕರೆಂಟ್ ಕೂಡಿಸಿ ಕಡಿಯುವ ಸ್ವಿಚ್) ಮುಚ್ಚಿರುವಾಗ ಕೀ ಆನ್ ಮಾಡಿ ಕಾಯಿಲ್ ಪ್ಲಸ್‌ನಲ್ಲಿ ಎಷ್ಟು ವೋಲ್ಟ್ ಅಂತ ಹೇಳಿ. ಬೇಗ ನೋಡಿ ಕೀ ಆಫ್ ಮಾಡಿ. ಗೋದಾಮಿನಲ್ಲಿ ಇದ್ದಾಗ ತೆಗೆದ ಇಂಜಿನ್ ಫೋಟೋ ಇದ್ದರೆ ಅದನ್ನೂ ಹಾಕಿ.

ಕಲ್ಯಾಣಪುರ_1100

ಮೀಟರ್ 1.7 ತೋರಿಸಿತು, ಕಡ್ಡಿಯದ್ದು 0.2. ಅಂದರೆ 1.5 ಓಮ್. ಕಾಯಿಲ್ ಪ್ಲಸ್‌ನಲ್ಲಿ ಹತ್ತಿರ ಹತ್ತಿರ 12 ವೋಲ್ಟ್. ಫೋಟೋ ಹಾಕಿದ್ದೇನೆ, ಧೂಳು ಜಾಸ್ತಿ, ಕ್ಷಮಿಸಿ.

ಹಳೇ_ಪಾನ

ಫೋಟೋ ದೊಡ್ಡದು ಮಾಡಿ ನೋಡಿ. ಫೈರ್‌ವಾಲಿನ (ಇಂಜಿನ್ ಹಿಂದಿನ ತಗಡಿನ ಗೋಡೆ) ಬಲಬದಿ, ಕಾಯಿಲಿನಿಂದ ಒಂದು ಗೇಣು ಮೇಲೆ, ಬೆರಳುದ್ದದ ಬಿಳಿ ಪಿಂಗಾಣಿ ತುಂಡು ಉಂಟಲ್ವಾ? ತಗಡಿನ ಪಟ್ಟಿಯಲ್ಲಿ ಕೂತಿದೆ, ಎರಡು ಕೊನೆಗೂ ವಯರ್ ಇದೆ. ಅದು ಬಲಾಸ್ಟ್ ರೆಸಿಸ್ಟರ್, ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ತುಂಡು. ಈಗ ನಿಮ್ಮ ಕಾರಿನಲ್ಲಿ ಅದೇ ಜಾಗಕ್ಕೆ ಹೋಗಿ ನೋಡಿ, ಎರಡು ಖಾಲಿ ತೂತು ಇರಬೇಕು.

ವಯರಿಂಗ್ ಮಾಡಿದವರು ಮಾಮೂಲಿ ಫಿಯೆಟ್‌ಗೆ ಇದು ಇರೋದಿಲ್ಲ ಅಂತ ತೆಗೆದಿದ್ದಾರೆ. ಮಾಮೂಲಿ ಕಾರಿಗಾದರೆ ಸರಿಯೇ. ಅದರ ಕಾಯಿಲ್ 3 ಓಮ್ ಆಸುಪಾಸು ಇರುತ್ತೆ, ನೇರ ಬ್ಯಾಟರಿ ಲೈನ್ ಕೊಡಬಹುದು. ನಿಮ್ಮದು 1.5. ಲೆಕ್ಕ ಹಾಕಿ: ಇಂಜಿನ್ ಓಡುವಾಗ 14 ವೋಲ್ಟ್, ಅದನ್ನು 1.5ರಿಂದ ಭಾಗಿಸಿದರೆ 9 ಆಂಪಿಯರ್ ದಾಟುತ್ತೆ. ಬಲಾಸ್ಟ್ ಇನ್ನೊಂದು 1.5 ಓಮ್ ಸೇರಿಸಿದ್ದರೆ ಐದರ ಒಳಗೇ ನಿಲ್ಲುತ್ತಿತ್ತು. ದುಪ್ಪಟ್ಟು ಕರೆಂಟ್ ಹೋದರೆ ಕಾಯಿಲ್ ಕಾಯದೆ ಇನ್ನೇನು? ಪಾಯಿಂಟೂ ಸುಟ್ಟಿರುತ್ತೆ. ಬಿಚ್ಚಿ ನೋಡಿ, ನೀಲಿ ಬಣ್ಣಕ್ಕೆ ತಿರುಗಿರಬೇಕು.

ರೇಸಿನವರು ಹೀಗೆ ಯಾಕೆ ಮಾಡಿದರು ಅಂತ ಕೇಳಬಹುದು. ನಾಲ್ಕು ಸಿಲಿಂಡರ್ ಇಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಕಿಡಿ ಕೇಳುತ್ತೆ. ಪಾಯಿಂಟ್ ಮುಚ್ಚಿ ತೆರೆಯುವ ಅಷ್ಟು ಸಣ್ಣ ಹೊತ್ತಿನಲ್ಲಿ ಮಾಮೂಲಿ ಕಾಯಿಲ್ ಪೂರ್ತಿ ತುಂಬೋದಿಲ್ಲ. ಈ ಕಾಯಿಲ್ ಬೇಗ ತುಂಬುತ್ತೆ. ಇನ್ನೊಂದು ಲಾಭ, ಸೆಲ್ಫ್ ಹೊಡೆಯುವಾಗ ಮಾತ್ರ ಬಲಾಸ್ಟ್ ತಪ್ಪಿಸಿ ಪೂರ್ತಿ ಬ್ಯಾಟರಿ ಕೊಟ್ಟರೆ ಸ್ಟಾರ್ಟೂ ಸುಲಭ.

ಹೆಬ್ರಿ ತನಕ ಯಾಕೆ ಸುಮ್ನಿತ್ತು, ಘಾಟಿಯಲ್ಲೇ ಯಾಕೆ ಸತ್ತಿತು? ನಿಧಾನ ತಿರುಗುವಾಗ ಪಾಯಿಂಟ್ ಜಾಸ್ತಿ ಹೊತ್ತು ಮುಚ್ಚಿರುತ್ತೆ, ಕರೆಂಟ್ ತುದಿ ಮುಟ್ಟುತ್ತೆ. ತಿರುವಿನಲ್ಲಿ ಒಂದನೇ, ಎರಡನೇ ಗೇರ್, ಗಾಳಿ ಕಮ್ಮಿ. ಮೇಲಿಂದ ನೀವು ಪೆಡಲ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತೆ, ಪ್ಲಗ್ಗಿನ ಸಂದು ಹಾರಲು ಜಾಸ್ತಿ ವೋಲ್ಟ್ ಬೇಕಾಗುತ್ತೆ. ಕಾದ ಕಾಯಿಲ್‌ಗೆ ಅದು ಆಗೋದಿಲ್ಲ. ಒಂದು ಕಿಡಿ ತಪ್ಪಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತೆ. ನಿಮ್ಮ ಢಂ ಢಂ ಅದೇ.

ರೇಸ್ ಕಾರಿನಲ್ಲಿ ಬೇಡದ್ದು ಅಂತ ಕಾಣುವ ತುಂಡು ತೆಗೆಯುವ ಮುಂಚೆ ಫೋಟೋ ತೆಗೆದು ಚೀಟಿ ಕಟ್ಟಿ. ಆ ಜನ ಗ್ರಾಂ ಲೆಕ್ಕದಲ್ಲಿ ಪೆಡಲ್ ಕೊರೆದವರು, ಸುಮ್ನೆ ಪಿಂಗಾಣಿ ತುಂಡು ಹೊತ್ತುಕೊಂಡು ಓಡೋದಿಲ್ಲ.

ಬೈಂದೂರು_ಬೈಪಾಸ್

ಒಪ್ಪಿದೆ ಗುರುಗಳೇ. ಆದರೂ ಪೆಟ್ರೋಲ್ ಪೈಪ್ ಹಳೇ ರಬ್ಬರಿನದಾದರೆ ಬದಲಿಸಿ, ಎಥನಾಲ್ ಅದನ್ನು ಮೆತ್ತಗೆ ಮಾಡಿ ಉಬ್ಬಿಸುತ್ತೆ. ಪಂಪಿನ ಡಯಾಫ್ರಮೂ ಅಷ್ಟೇ.

ಸುರತ್ಕಲ್_ಸರ್ಕ್ಯೂಟ್

ಇಷ್ಟೆಲ್ಲ ಯಾಕೆ? ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ. ಪಾಯಿಂಟಿನ ಕಾಟವೇ ಇರೋದಿಲ್ಲ.

ಹಳೇ_ಪಾನ

ಹಾಕಬಹುದು, ದಿನಾ ಓಡಿಸುವ ಕಾರಾದರೆ ನಾನೂ ಅದನ್ನೇ ಹೇಳ್ತಿದ್ದೆ. ಆದರೆ ಬಲಾಸ್ಟ್ ಇಲ್ಲದೆ ಇದೇ 1.5 ಓಮ್ ಕಾಯಿಲಿಗೆ ಹಾಕಿದರೆ ಕೆಲವು ಮಾಡ್ಯೂಲ್‌ಗಳು ಪಾಯಿಂಟಿಗಿಂತ ಬೇಗ ಸುಡುತ್ತವೆ. ಪಾಯಿಂಟ್ ಹೋದರೆ ಉಜ್ಜಿ ಮನೆ ಸೇರಬಹುದು. ಮಾಡ್ಯೂಲ್ ಹೋದರೆ ಲಾರಿ ಕರೆಯಬೇಕು.

ಕಲ್ಯಾಣಪುರ_1100

ಎರಡು ತೂತು ಇದೆ! ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು, ಉಗುರಿನಲ್ಲಿ ಕೆರೆದಾಗ ಸಿಕ್ಕಿತು. ಸುತ್ತ ತಗಡು ಬಿಸಿಗೆ ಕಂದು ಬಣ್ಣಕ್ಕೆ ತಿರುಗಿದೆ. ಪಾಯಿಂಟೂ ನೀವು ಹೇಳಿದ ಹಾಗೇ ಸುಟ್ಟಿದೆ, ಒಂದು ಬದಿ ಕುಳಿ, ಇನ್ನೊಂದು ಬದಿ ಮೊಳಕೆ.

1.5 ಓಮ್ ಬಲಾಸ್ಟ್ ಮಂಗಳೂರಿನಲ್ಲೇ ಸಿಕ್ಕಿತು. ಅದೇ ತೂತಿಗೆ ಕೂರಿಸಿದೆ. ಕಾಯಿಲ್ ಒಳಗೆ ಬೆಂದಿರಬಹುದು ಅಂತ ಅದೇ ಓಮಿನ ಹೊಸದು ಹಾಕಿದೆ. ಪಾಯಿಂಟ್, ಕಂಡೆನ್ಸರ್ ಹೊಸದು. ಈಗ ಪಾಯಿಂಟ್ ಮುಚ್ಚಿರುವಾಗ ಕಾಯಿಲ್ ಪ್ಲಸ್‌ನಲ್ಲಿ 6 ವೋಲ್ಟ್ ಚಿಲ್ಲರೆ. ಪೆಟ್ರೋಲ್ ಪೈಪೂ ಬದಲಿಸಿದೆ, ಎಸ್‌ಎಇ ಜೆ30 ಆರ್9 ಅಂತ ಅಚ್ಚಾದದ್ದು. ಹಳೇದು ಬಗ್ಗಿಸಿದರೆ ಕೈಗೆ ಕಪ್ಪು ಮೆತ್ತುತ್ತಿತ್ತು.

ಭಾನುವಾರ ಹದಿನಾಲ್ಕೂ ತಿರುವು ಹತ್ತಿ ಆಗುಂಬೆಯಲ್ಲಿ ಚಹಾ ಕುಡಿದು ಬಂದೆವು. ಒಂದು ಸಲವೂ ಕೆಮ್ಮಲಿಲ್ಲ. ಕಾಯಿಲ್ ಬಿಸಿ ಇತ್ತು, ಆದರೆ ಕೈ ಇಡಬಹುದಿತ್ತು.

ಇನ್ನು ಬಾಗಿಲಿನ ವಿಷಯ. ಬಿಳಿ ವೃತ್ತದೊಳಗೆ ಕಪ್ಪಿನಲ್ಲಿ ಒಂದು 4 ಕಾಣುತ್ತೆ, ಪಕ್ಕದ್ದು ಅರ್ಧ ಅಳಿಸಿದೆ. ನೋಡಿದವರೆಲ್ಲ ಶೋಲಾವರಂನಲ್ಲಿ (ಮದ್ರಾಸ್ ಹತ್ತಿರದ ಹಳೇ ರೇಸ್ ಜಾಗ) ಓಡಿದ ಕಾರು ಅಂತ ಬರೆಸಿ ಅಂತಾರೆ. ಹೊಸದಾಗಿ ಬಣ್ಣ ಹೊಡೆಯಲಾ, ಹಾಗೇ ಬಿಡಲಾ?

ಹಳೇ_ಪಾನ

ಹಾಗೇ ಬಿಡಿ. 1500 ನಂಬರ್ ಕಾಗದದಲ್ಲಿ ನೀರು ಹಾಕಿ ಮೆಲ್ಲ ಉಜ್ಜಿ ಮೇಲಿನ ಪದರ ಮಾತ್ರ ತೆಗೆಯಿರಿ. ಬಿಳಿ ನೀರು ಬಂದ ಕೂಡಲೇ ನಿಲ್ಲಿಸಿ, ಅದು ವೃತ್ತದ ಬಣ್ಣ. ಮೇಣ ಹಚ್ಚಿದರೆ ಸಾಕು. ಅಳಿಸಿದ ಅಂಕಿ ಊಹೆ ಮಾಡಿ ತುಂಬಬೇಡಿ.

ಶೋಲಾವರಂ ಅಂತ ಬರೆಸಬೇಡಿ. ಆ ಹಳೇ ವಿಮಾನ ಪಟ್ಟಿಯಲ್ಲಿ ಫಿಯೆಟ್, ಹೆರಾಲ್ಡ್ ಎಲ್ಲ ಓಡಿದ್ದು ನಿಜ. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬಂದ ಮೇಲೆ ರೇಸ್ ಅಲ್ಲಿಗೆ ಹೋಯಿತು. ಆದರೆ ನಿಮ್ಮ ಕಾರು ಅಲ್ಲಿ ಓಡಿತ್ತು ಅನ್ನಲು ನಂಬರಿನ ವೃತ್ತ ಒಂದೇ ಸಾಲದು. ಮುಂದಿನ ಬಂಪರ್ ಹತ್ತಿರ ಜಾಸ್ತಿ ಲ್ಯಾಂಪ್ ಕೂರಿಸಿದ ತೂತು ಇದೆಯಾ? ಇದ್ದರೆ ರಾತ್ರಿ ಓಡುವ ರ‍್ಯಾಲಿ ಕಾರೂ ಆಗಿರಬಹುದು. ಹಳೇ ಆರ್‌ಸಿಯಲ್ಲಿ ಹಿಂದಿನ ಮಾಲೀಕರ ಹೆಸರು ಸಿಕ್ಕಿದರೆ ಅವರ ಮನೆಯವರನ್ನು ಕೇಳಿ, ಆಲ್ಬಂನಲ್ಲಿ ಫೋಟೋ ಇದ್ದರೂ ಇರಬಹುದು.

ಹೊರದೇಶದಲ್ಲೂ ಇದೇ ಗೋಳು. 1964ರಲ್ಲಿ ಜಿಮ್ ಕ್ಲಾರ್ಕ್ ಬ್ರಿಟಿಷ್ ಸಲೂನ್ ಕಾರು ಚಾಂಪಿಯನ್‌ಶಿಪ್ ಗೆದ್ದದ್ದು ಲೋಟಸ್ ಕಾರ್ಟಿನಾದಲ್ಲಿ. ಮಾಮೂಲಿ ಫೋರ್ಡ್ ಕಾರ್ಟಿನಾಗೆ ಲೋಟಸ್ ಇಂಜಿನ್ ಹಾಕಿ ಅದರ ಹಾಗೆ ಮಾಡಿದ ಕಾರು ಈಗ ಬೇಕಾದಷ್ಟು. ಎಫ್‌ಐಎ (ಜಗತ್ತಿನ ಮೋಟಾರ್ ರೇಸ್ ಸಂಸ್ಥೆ) ಕೊಡುವ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟ್ ಕೂಡ ಕಾರು ಆ ಕಾಲದ ನಿಯಮದ ಪ್ರಕಾರ ಇದೆಯಾ ಅಂತಷ್ಟೇ ಹೇಳುತ್ತೆ. ಎಲ್ಲಿ ಓಡಿತ್ತು, ಯಾರು ಓಡಿಸಿದರು ಅಂತ ಹೇಳೋದಿಲ್ಲ.

ಕಲ್ಯಾಣಪುರ_1100

ಲ್ಯಾಂಪಿನ ತೂತು ಇಲ್ಲ. ಹಳೇ ಆರ್‌ಸಿ ಹುಡುಕುತ್ತೇನೆ. ವೃತ್ತ ಹಾಗೇ ಇರಲಿ.

ಕೊನೆಯದಾಗಿ ಒಂದು. ಪ್ಲಗ್ ಈಗ ತೀರಾ ಬಿಳಿ ಇದೆ. ಮೊದಲು ಕಂದು ಇತ್ತು.

ಹಳೇ_ಪಾನ

ಎಥನಾಲ್ ಇರುವ ಪೆಟ್ರೋಲಿಗೆ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬೇಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತೆ, ಇಂಜಿನ್ ಬಿಸಿ ಜಾಸ್ತಿ. ನಿಮ್ಮ ಸೋಲೆಕ್ಸ್ ಕಾರ್ಬ್ಯುರೇಟರ್‌ನ ಮೇನ್ ಜೆಟ್ ಮೇಲಿನ ನಂಬರ್ ಓದಿ ಹೇಳಿ, ಒಂದು ಸೈಜ್ ದೊಡ್ಡದು ಹಾಕಿ ನೋಡೋಣ. ಜೆಟ್ಟಿಗೆ ತಂತಿ ತೂರಿಸಿ ಚೊಕ್ಕ ಮಾಡಬೇಡಿ, ತೂತು ಹಿಗ್ಗುತ್ತೆ. ಗಾಳಿ ಊದಿದರೆ ಸಾಕು. ಮತ್ತೆ ಆ ಬಲಾಸ್ಟ್ ಪೆಟ್ರೋಲ್ ಪೈಪಿಗೆ ತಾಗದ ಹಾಗೆ ನೋಡಿಕೊಳ್ಳಿ, ಓಡುವಾಗ ಚೆನ್ನಾಗಿ ಸುಡುತ್ತೆ.