ಥಂಡರ್‌ಬರ್ಡ್‌ಗೆ ಜಿಮೇಲ್ ಜೋಡಿಸಲು ಯಾವ ಪಾಸ್‌ವರ್ಡ್? ಐಮ್ಯಾಪ್ ಇರಲಾ, ಪಾಪ್ ಇರಲಾ?

ಬೀಜದಂಗಡಿ

ನಮಸ್ಕಾರ ಎಲ್ಲರಿಗೂ. ದಾವಣಗೆರೆ ಹತ್ತಿರ ನಮ್ಮದು ಬೀಜ-ಗೊಬ್ಬರದ ಅಂಗಡಿ. ಅಪ್ಪನಿಗೆ ಬ್ರೌಸರ್‌ನಲ್ಲಿ ಮೇಲ್ ನೋಡುವ ಅಭ್ಯಾಸವೇ ಇಲ್ಲ, ಎಲ್ಲ ಕಂಪ್ಯೂಟರಿನ ಮೇಲ್ ಪ್ರೋಗ್ರಾಂನಲ್ಲೇ ಆಗಬೇಕು. ನೆಟ್ ಹೋದಾಗಲೂ ಹಳೆ ಬಿಲ್ಲು, ಡೀಲರ್‌ಗಳ ರೇಟ್ ಲಿಸ್ಟ್ ತೆಗೆದು ನೋಡಬಹುದು ಅಂತ. ಈಗ ಹೊಸ ಕಂಪ್ಯೂಟರ್ ತಂದಿದ್ದೇವೆ, ಅದರಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಹಾಕಿದ್ದೇನೆ.

ಕೇಳಬೇಕಾದದ್ದು ಇಷ್ಟು. ಕೆಲವು ಹಳೆ ವಿಡಿಯೋಗಳಲ್ಲಿ 'ಲೆಸ್ ಸೆಕ್ಯೂರ್ ಆ್ಯಪ್ಸ್' ಆನ್ ಮಾಡಿ ಅಂತ ಹೇಳುತ್ತಾರೆ, ಆ ಆಯ್ಕೆ ನನಗೆ ಎಲ್ಲೂ ಕಾಣುತ್ತಿಲ್ಲ. ಜಿಮೇಲ್‌ನ ಮೇಲ್ ಅನ್ನು ಇಂಥ ಪ್ರೋಗ್ರಾಂಗೆ ತರಲು ಐಮ್ಯಾಪ್, ಪಾಪ್ ಅಂತ ಎರಡು ವಿಧಾನ ಇವೆಯಂತೆ, ಅದರಲ್ಲಿ ಐಮ್ಯಾಪ್ ಆನ್ ಮಾಡುವ ಬಟನ್ ಕೂಡ ಇಲ್ಲ. ಹಾಗಾದರೆ ಯಾವ ಪಾಸ್‌ವರ್ಡ್ ಕೊಡಬೇಕು? ಇನ್ನೊಂದು, 15 ಜಿಬಿ ಜಾಗ ತುಂಬುತ್ತಾ ಬಂದಿದೆ. ಹಳೆ ಮೇಲ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು ಆಮೇಲೆ ಜಿಮೇಲ್‌ನಿಂದ ಅಳಿಸಬೇಕು ಅಂತಿದ್ದೇನೆ. ಅದಕ್ಕೆ ಪಾಪ್ ಒಳ್ಳೆಯದಾ, ಐಮ್ಯಾಪ್ ಒಳ್ಳೆಯದಾ? ಅಂಗಡಿಯ ಸ್ಕ್ಯಾನರ್ ಸಹ ಇದೇ ಅಕೌಂಟಿನಿಂದ ಮೇಲ್ ಕಳಿಸಬೇಕು. ಅಪ್ಪನ ಇನ್ನೊಂದು ಔಟ್‌ಲುಕ್ ಡಾಟ್ ಕಾಮ್ ಅಕೌಂಟ್ ಕೂಡ ಇದೆ, ಅದಕ್ಕೂ ಇದೇ ದಾರಿನಾ?

ಕೀಲಿಕೈ

ಆ ವಿಡಿಯೋಗಳನ್ನು ಬಿಟ್ಟುಬಿಡಿ. ಲೆಸ್ ಸೆಕ್ಯೂರ್ ಆ್ಯಪ್ಸ್ ಅನ್ನುವುದನ್ನು, ಅಂದರೆ ಬರೀ ಪಾಸ್‌ವರ್ಡ್ ಕೊಟ್ಟು ಬೇರೆ ಪ್ರೋಗ್ರಾಂನಿಂದ ಲಾಗಿನ್ ಆಗುವುದನ್ನು, ಗೂಗಲ್ 2022ರ ಮೇ 30ರಿಂದಲೇ ಸಾಮಾನ್ಯ ಅಕೌಂಟುಗಳಿಗೆ ನಿಲ್ಲಿಸಿತು. ಐಮ್ಯಾಪ್ ಬಟನ್ ಕಾಣದಿರುವುದಕ್ಕೂ ಗಾಬರಿ ಬೇಡ, 2025ರ ಶುರುವಿನಿಂದ ಸ್ವಂತ ಜಿಮೇಲ್ ಅಕೌಂಟುಗಳಲ್ಲಿ ಐಮ್ಯಾಪ್ ಯಾವಾಗಲೂ ಆನ್ ಇರುತ್ತದೆ, ಅದಕ್ಕೇ ಆ ಬಟನ್ ತೆಗೆದಿದ್ದಾರೆ. ಪಾಪ್‌ಗೆ ಮಾತ್ರ ಇನ್ನೂ ಬೇರೆ ಆಯ್ಕೆ ಇದೆ.

ಥಂಡರ್‌ಬರ್ಡ್‌ಗೆ ನೀವು ಪಾಸ್‌ವರ್ಡ್ ಕೊಡಲೇಬೇಕಾಗಿಲ್ಲ. ಹೆಸರು, ಮೇಲ್ ವಿಳಾಸ ಹಾಕಿ ಮುಂದೆ ಹೋಗಿ, ಸರ್ವರ್, ಪೋರ್ಟ್ ಎಲ್ಲ ಅದೇ ಹುಡುಕಿಕೊಳ್ಳುತ್ತದೆ. ಆಮೇಲೆ ಗೂಗಲ್‌ನದೇ ಲಾಗಿನ್ ಕಿಟಕಿ ತೆರೆಯುತ್ತದೆ. ಪಾಸ್‌ವರ್ಡ್ ಬರೆಯುವುದು ಅಲ್ಲಿ. ಫೋನಿಗೆ ಬರುವ ದೃಢೀಕರಣಕ್ಕೆ ಒಪ್ಪಿಗೆ ಕೊಟ್ಟರೆ ಗೂಗಲ್ ಥಂಡರ್‌ಬರ್ಡ್‌ಗೆ ಒಂದು ಟೋಕನ್, ಅಂದರೆ ಪಾಸ್‌ವರ್ಡ್ ಬದಲು ನಡೆಯುವ ಡಿಜಿಟಲ್ ಕೀಲಿ, ಕೊಡುತ್ತದೆ. ಮುಂದೆ ಕೆಲಸ ನಡೆಯುವುದು ಆ ಟೋಕನ್ ಮೇಲೆ, ನಿಮ್ಮ ನಿಜವಾದ ಪಾಸ್‌ವರ್ಡ್ ಆ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ. ಈ ವ್ಯವಸ್ಥೆಗೇ ಓ-ಆಥ್2 ಅನ್ನುತ್ತಾರೆ. ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್ ಒಳಗೆ ಅಥೆಂಟಿಕೇಶನ್ ಮೆಥಡ್ ಅಂತ ಇರುತ್ತದೆ, ಅಲ್ಲಿ 'ನಾರ್ಮಲ್ ಪಾಸ್‌ವರ್ಡ್' ಅಂತಿದ್ದರೆ ಓ-ಆಥ್2 ಮಾಡಿ. ಕಳಿಸುವ ಸರ್ವರ್‌ಗೂ ಪ್ರತ್ಯೇಕವಾಗಿ ನೋಡಿ, ಬಹಳ ಜನ ಅದನ್ನು ಮರೆಯುತ್ತಾರೆ. ಆಗ ಮೇಲ್ ಬರುತ್ತದೆ, ಆದರೆ ಹೋಗುವುದಿಲ್ಲ.

ಲಾಗಿನ್ ಕಿಟಕಿ ಖಾಲಿ ಬಿಳಿಯಾಗಿ ನಿಂತುಬಿಟ್ಟರೆ ಥಂಡರ್‌ಬರ್ಡ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಕುಕೀಸ್ ಆಫ್ ಇದೆಯಾ ನೋಡಿ. ಅದು ಆನ್ ಇರಲೇಬೇಕು.

ಇನ್ನು ಪಾಪ್, ಐಮ್ಯಾಪ್ ವಿಚಾರ. ದಯವಿಟ್ಟು ಇದನ್ನು ಅವಸರದಲ್ಲಿ ಮಾಡಬೇಡಿ. ಐಮ್ಯಾಪ್ ಅಂದರೆ ಸರ್ವರ್‌ನಲ್ಲಿ ಇರುವುದರ ಪ್ರತಿಬಿಂಬ. ಕಂಪ್ಯೂಟರಿಗೆ ಇಳಿದಿದೆ ಅಂತ ನೀವು ಜಿಮೇಲ್‌ನಲ್ಲಿ ಅಳಿಸಿದರೆ, ಮುಂದಿನ ಸಲ ಥಂಡರ್‌ಬರ್ಡ್ ಸರ್ವರ್ ನೋಡಿದಾಗ ಇಲ್ಲಿಂದಲೂ ಹೋಗುತ್ತದೆ. ಹಾಗಾಗಿ ಐಮ್ಯಾಪ್ ಹಾಕಿದ ಮಾತ್ರಕ್ಕೆ ಬ್ಯಾಕಪ್ ಆಯಿತು ಅಂತ ಅಲ್ಲ. ಎಡಗಡೆ ಕೆಳಗೆ 'ಲೋಕಲ್ ಫೋಲ್ಡರ್ಸ್' ಅಂತ ಇರುತ್ತದೆ, ಅದರಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ, ಹಳೆ ಮೇಲ್‌ಗಳನ್ನು ಅಲ್ಲಿಗೆ ಕಾಪಿ ಮಾಡಿ. ಮೂವ್ ಅಲ್ಲ, ಕಾಪಿ. ಅಲ್ಲಿರುವುದು ನಿಮ್ಮ ಡಿಸ್ಕಿನದು, ಸರ್ವರ್‌ಗೂ ಅದಕ್ಕೂ ಸಂಬಂಧ ಇಲ್ಲ.

ಪಾಪ್‌ನಲ್ಲಿ ಇಳಿಸಿದ ಮೇಲ್ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಅದು ನಿಜ. ಆದರೆ ಇಳಿಸಿದ ಮೇಲೆ ಜಿಮೇಲ್‌ನಲ್ಲಿ ಏನಾಗಬೇಕು ಅನ್ನುವುದನ್ನು ತೀರ್ಮಾನಿಸುವುದು ಜಿಮೇಲ್‌ನ ವೆಬ್ ಸೆಟ್ಟಿಂಗ್. ಇನ್‌ಬಾಕ್ಸ್‌ನಲ್ಲಿ ಇಡು, ಓದಿದ ಗುರುತು ಹಾಕು, ಆರ್ಕೈವ್ ಮಾಡು (ಅಳಿಸದೆ ಇನ್‌ಬಾಕ್ಸ್‌ನಿಂದ ಮಾತ್ರ ತೆಗೆ), ಅಳಿಸು ಅಂತ ನಾಲ್ಕು ಆಯ್ಕೆ ಇವೆ. ಥಂಡರ್‌ಬರ್ಡ್ ಕಡೆ 'ಸರ್ವರ್‌ನಲ್ಲಿ ಬಿಡು' ಅಂತ ಗುರುತು ಹಾಕಿ ನೆಮ್ಮದಿಯಾಗಿ ಕೂತರೆ ಆಗುವುದಿಲ್ಲ, ಅಲ್ಲೂ ನೋಡಬೇಕು. ಅಪ್ಪ ಫೋನಿನಲ್ಲೂ ಮೇಲ್ ನೋಡುವುದಾದರೆ ಐಮ್ಯಾಪ್ ಇರಲಿ, ಹಳೆಯದಕ್ಕೆ ಲೋಕಲ್ ಫೋಲ್ಡರ್ಸ್. ನಿಮಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಶರಾವತಿ ತೀರ

ಸ್ಕ್ಯಾನರ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಆಫೀಸಿನಲ್ಲಿ ಇದನ್ನು ನೋಡಿಕೊಳ್ಳುವುದು ನಾನೇ. ಹೆಚ್ಚಿನ ಸ್ಕ್ಯಾನರ್‌ಗಳಿಗೆ ಓ-ಆಥ್2 ಗೊತ್ತಿಲ್ಲ. ಲಾಗಿನ್ ಕಿಟಕಿ ತೋರಿಸಲು ಅದಕ್ಕೆ ಪರದೆಯೇ ಇರುವುದಿಲ್ಲ, ಅಲ್ವಾ? ಅಂಥ ಸಾಧನಗಳಿಗೆ ಇರುವುದು 'ಆ್ಯಪ್ ಪಾಸ್‌ವರ್ಡ್'. ಮೊದಲು ಗೂಗಲ್ ಅಕೌಂಟಿನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ ಕೇಳುವ ವ್ಯವಸ್ಥೆ) ಆನ್ ಮಾಡಿ, ಅದಿಲ್ಲದೆ ಈ ಆಯ್ಕೆ ಬರುವುದೇ ಇಲ್ಲ. ಆಮೇಲೆ ಅಕೌಂಟ್ ಪುಟದ ಹುಡುಕಾಟದಲ್ಲಿ ಆ್ಯಪ್ ಪಾಸ್‌ವರ್ಡ್ಸ್ ಅಂತ ಹಾಕಿ, ಮೆನುವಿನಲ್ಲಿ ಸುಮ್ನೆ ಹುಡುಕುತ್ತಾ ಕೂತರೆ ಸಿಗುವುದು ಕಷ್ಟ. 'ಅಂಗಡಿ ಸ್ಕ್ಯಾನರ್' ಅಂತ ಹೆಸರು ಕೊಟ್ಟರೆ 16 ಅಕ್ಷರದ ಪಾಸ್‌ವರ್ಡ್ ತೋರಿಸುತ್ತದೆ. ಒಂದೇ ಸಲ ತೋರಿಸುವುದು. ನಾಲ್ಕು ನಾಲ್ಕು ಅಕ್ಷರದ ನಡುವೆ ಕಾಣುವ ಜಾಗವನ್ನು ಟೈಪ್ ಮಾಡಬೇಕಾಗಿಲ್ಲ. ಸ್ಕ್ಯಾನರ್‌ನಲ್ಲಿ ಸರ್ವರ್ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 587, ಸ್ಟಾರ್ಟ್-ಟಿಎಲ್‌ಎಸ್. ಅದು ಆಗದಿದ್ದರೆ 465, ಎಸ್‌ಎಸ್‌ಎಲ್.

ಆದರೆ ನನ್ನ ಮಾತು ಕೇಳಿ, ಅಪ್ಪನ ಅಕೌಂಟನ್ನು ಸ್ಕ್ಯಾನರ್‌ಗೆ ಕೊಡಬೇಡಿ. ಅದಕ್ಕೇ ಅಂತ ಒಂದು ಬೇರೆ ಜಿಮೇಲ್ ಅಕೌಂಟ್ ಮಾಡಿ. ಆ್ಯಪ್ ಪಾಸ್‌ವರ್ಡ್ 'ಕಳಿಸುವುದಕ್ಕೆ ಮಾತ್ರ' ಅಂತ ಇರುವುದಿಲ್ಲ. ಅದು ಕೈಗೆ ಸಿಕ್ಕವರು ಐಮ್ಯಾಪ್ ಮೂಲಕ ಇಡೀ ಮೇಲ್‌ಬಾಕ್ಸ್ ಓದಬಹುದು, ಫೋನಿಗೆ ಓಟಿಪಿ ಕೂಡ ಬರುವುದಿಲ್ಲ. ನಾಳೆ ಸ್ಕ್ಯಾನರ್ ರಿಪೇರಿಗೆ ಹೋಗುತ್ತದೆ, ಇಲ್ಲ ಹಳೆಯದಾಗಿ ಮಾರುತ್ತೀರಿ, ಪಾಸ್‌ವರ್ಡ್ ಅದರೊಳಗೇ ಕೂತಿರುತ್ತದೆ. ಕೊಡುವ ಮುಂಚೆ ಆ ಒಂದು ಆ್ಯಪ್ ಪಾಸ್‌ವರ್ಡ್ ಅಳಿಸಿಬಿಡಿ, ಉಳಿದದ್ದಕ್ಕೆ ಏನೂ ಆಗುವುದಿಲ್ಲ. ಗೂಗಲ್‌ನ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಮಾತ್ರ ಎಲ್ಲ ಆ್ಯಪ್ ಪಾಸ್‌ವರ್ಡ್‌ಗಳೂ ರದ್ದಾಗುತ್ತವೆ, ಸ್ಕ್ಯಾನರ್ ಇದ್ದಕ್ಕಿದ್ದಂತೆ ನಿಂತರೆ ಮೊದಲು ಅದನ್ನು ನೆನಪಿಸಿಕೊಳ್ಳಿ.

ಔಟ್‌ಲುಕ್ ಡಾಟ್ ಕಾಮ್‌ಗೆ ಬೇರೆ ನಿಯಮ. ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಸ್ವಂತ ಅಕೌಂಟುಗಳಿಗೆ ಬರೀ ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದನ್ನು ನಿಲ್ಲಿಸಿದೆ, ಆ್ಯಪ್ ಪಾಸ್‌ವರ್ಡ್ ಕೂಡ ನಡೆಯುವುದಿಲ್ಲ. ಓ-ಆಥ್2 ಒಂದೇ ದಾರಿ, ಥಂಡರ್‌ಬರ್ಡ್‌ಗೆ ಅದು ಬರುತ್ತದೆ. ವೆಬ್ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್ ಆ್ಯಂಡ್ ಐಮ್ಯಾಪ್' ಅಂತ ಒಂದು ಜಾಗ ಇದೆ, ಅಲ್ಲಿ ಆಫ್ ಇದ್ದರೆ ಆನ್ ಮಾಡಿ.

ತುಂಗೆ

ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ, ಇದು ಮುಖ್ಯ. ಆ್ಯಪ್ ಪಾಸ್‌ವರ್ಡ್ ಮಾಡಿ ನಮಗೆ ಕಳಿಸಿ ಅಂತ ಯಾರೇ ಕೇಳಿದರೂ ಕೊಡಬೇಡಿ. 2025ರ ಜೂನ್‌ನಲ್ಲಿ ಟೊರಾಂಟೊದ ಸಿಟಿಜನ್ ಲ್ಯಾಬ್ ಅನ್ನುವ ಸಂಶೋಧನಾ ಸಂಸ್ಥೆ ಮತ್ತು ಗೂಗಲ್ ಇಂಥದ್ದೇ ಒಂದು ಪ್ರಕರಣ ಬಯಲಿಗೆ ತಂದವು. ರಷ್ಯಾ ವಿಚಾರದಲ್ಲಿ ಹೆಸರು ಮಾಡಿದ ಬ್ರಿಟಿಷ್ ತಜ್ಞ ಕೀರ್ ಗೈಲ್ಸ್ ಅವರಿಗೆ ವಂಚಕರು ಅಮೆರಿಕದ ವಿದೇಶಾಂಗ ಇಲಾಖೆಯವರ ಹಾಗೆ ಮೇಲ್ ಬರೆದು, ಸ್ವಲ್ಪವೂ ಅವಸರ ತೋರಿಸದೆ ನಂಬಿಸಿ, ಆ್ಯಪ್ ಪಾಸ್‌ವರ್ಡ್ ಅವರ ಕೈಯಿಂದಲೇ ಮಾಡಿಸಿಕೊಂಡು ತೆಗೆದುಕೊಂಡಿದ್ದರು. ಅಷ್ಟು ತಿಳಿದವರೇ ನಂಬಿದರು ಅಂದರೆ ಅಂಗಡಿಯಲ್ಲಿ ಕೂತಿರುವ ನಮ್ಮ ಹಿರಿಯರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕಲ್ವಾ. ಹಳೆ ಕಂಪ್ಯೂಟರ್ ಕೊಟ್ಟುಬಿಡುವುದಾದರೆ ಗೂಗಲ್ ಅಕೌಂಟಿನಲ್ಲಿ ಥರ್ಡ್ ಪಾರ್ಟಿ ಆ್ಯಪ್‌ಗಳ ಪಟ್ಟಿ, ಲಾಗಿನ್ ಆಗಿರುವ ಸಾಧನಗಳ ಪಟ್ಟಿ ಎರಡನ್ನೂ ತೆಗೆದು ನೋಡಿ, ಬಳಸದೇ ಇರುವುದನ್ನು ಕಿತ್ತುಹಾಕಿ.

ಇನ್ನೊಂದು ಸಣ್ಣ ವಿಷಯ. ಜಿಮೇಲ್‌ನ ಭಾಷೆ ಕನ್ನಡ ಇಟ್ಟಿದ್ದರೆ ಕಳಿಸಿದ ಮೇಲ್, ಸ್ಪ್ಯಾಮ್ ಮುಂತಾದ ಫೋಲ್ಡರ್‌ಗಳ ಹೆಸರು ಐಮ್ಯಾಪ್‌ನಲ್ಲೂ ಕನ್ನಡದಲ್ಲೇ ಬರುತ್ತವೆ. ಥಂಡರ್‌ಬರ್ಡ್ ಸರಿಯಾಗಿ ತೋರಿಸುತ್ತದೆ. ಕೆಲವು ಹಳೆ ಬ್ಯಾಕಪ್ ಪ್ರೋಗ್ರಾಂಗಳಲ್ಲಿ ಅದೇ ಹೆಸರು ಒಂದು ಆ್ಯಂಪರ್ಸೆಂಡ್ (&) ಗುರುತು, ಅದಾದ ಮೇಲೆ ಅರ್ಥವಾಗದ ಅಕ್ಷರಗಳ ಸಾಲಾಗಿ ಕಾಣುತ್ತದೆ. ಮೇಲ್ ಕೆಟ್ಟಿಲ್ಲ, ಹೆದರಬೇಡಿ.

ಬೀಜದಂಗಡಿ

ತುಂಬಾ ಉಪಕಾರ ಆಯಿತು. ಓ-ಆಥ್2ನಲ್ಲಿ ಎರಡೂ ಅಕೌಂಟ್ ಬಂದವು, ಮೇಲ್ ಹೋಗುತ್ತಲೂ ಇದೆ. ಸ್ಕ್ಯಾನರ್‌ಗೆ ಹೊಸ ಅಕೌಂಟ್ ಮಾಡುತ್ತೇನೆ. ಈಗ ಒಂದೇ ಅನುಮಾನ: ಇನ್‌ಬಾಕ್ಸ್‌ನಲ್ಲಿ ಇರುವ ಮೇಲ್ 'ಆಲ್ ಮೇಲ್' ಅನ್ನುವ ಫೋಲ್ಡರ್‌ನಲ್ಲೂ ಇದೆ, ಎರಡೂ ಕಡೆ ಇಳಿಯುತ್ತಿದೆ, ಡಿಸ್ಕ್ ಜಾಸ್ತಿ ತಿನ್ನುತ್ತಿದೆ. ಆಲ್ ಮೇಲ್ ತೆಗೆದುಬಿಡಲಾ?

ಕೀಲಿಕೈ

ಅದರೊಳಗಿನ ಮೇಲ್ ಅಳಿಸಬೇಡಿ! ಜಿಮೇಲ್‌ನಲ್ಲಿ ನಿಜವಾದ ಫೋಲ್ಡರ್‌ಗಳಿಲ್ಲ, ಲೇಬಲ್‌ಗಳಿವೆ. ಒಂದೇ ಮೇಲ್ ಎರಡು ಲೇಬಲ್ ಅಡಿಯಲ್ಲಿ ಕಾಣುತ್ತದೆ, ಥಂಡರ್‌ಬರ್ಡ್ ಅದನ್ನು ಎರಡು ಫೋಲ್ಡರ್ ಅಂದುಕೊಂಡು ಎರಡು ಸಲ ಇಳಿಸುತ್ತದೆ. ವೆಬ್‌ನಲ್ಲಿ ಲೇಬಲ್ಸ್ ಸೆಟ್ಟಿಂಗ್‌ಗೆ ಹೋಗಿ ಆಲ್ ಮೇಲ್ ಮುಂದಿನ 'ಶೋ ಇನ್ ಐಮ್ಯಾಪ್' ಗುರುತು ತೆಗೆದರೆ ಸಾಕು. ಆದರೆ ಅಪ್ಪ ಆರ್ಕೈವ್ ಮಾಡಿದ ಮೇಲ್‌ಗಳು ಬೇರೆ ಲೇಬಲ್ ಇಲ್ಲದಿದ್ದರೆ ಸಿಗುವುದು ಆಲ್ ಮೇಲ್‌ನಲ್ಲಿ ಮಾತ್ರ. ಹಾಗಾಗಿ ಮೊದಲು ಆಲ್ ಮೇಲ್‌ನಿಂದಲೇ ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮುಗಿಸಿ, ಗುರುತು ತೆಗೆಯುವುದು ಆಮೇಲೆ.

ಕಾಪಿಗೆ ಮುಂಚೆ ಅದೇ ವೆಬ್ ಸೆಟ್ಟಿಂಗ್ಸ್‌ನಲ್ಲಿ ಐಮ್ಯಾಪ್ ಫೋಲ್ಡರ್‌ಗೆ 1,000 ಅಥವಾ 2,000 ಮೇಲ್ ಮಾತ್ರ ಅಂತ ಮಿತಿ ಇದೆಯಾ ನೋಡಿ. ಇದ್ದರೆ ಹಳೆಯವು ಇಳಿಯುವುದೇ ಇಲ್ಲ, ಎಲ್ಲ ಬಂದಿದೆ ಅಂತ ನೀವು ಅಲ್ಲಿ ಅಳಿಸಿಬಿಡುತ್ತೀರಿ. ಕಾಪಿ ಆದ ಮೇಲೆ ಎರಡೂ ಕಡೆ ಸಂಖ್ಯೆ ತಾಳೆ ನೋಡಿ. ನೆಟ್ ಬಂದ್ ಮಾಡಿ ತುಂಬಾ ಹಳೆಯ, ಅಟ್ಯಾಚ್‌ಮೆಂಟ್ ಇರುವ ಒಂದು ಬಿಲ್ಲನ್ನು ಲೋಕಲ್ ಫೋಲ್ಡರ್ಸ್‌ನಿಂದ ತೆರೆದು ನೋಡಿ. ಅದು ಪೂರ್ತಿ ತೆರೆದರೆ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್‌ನಲ್ಲಿ ಪ್ರೊಫೈಲ್ ಫೋಲ್ಡರ್ (ಥಂಡರ್‌ಬರ್ಡ್ ತನ್ನ ಮೇಲ್, ಸೆಟ್ಟಿಂಗ್ಸ್ ಇಡುವ ಜಾಗ) ಎಲ್ಲಿದೆ ಅಂತ ಸಿಗುತ್ತದೆ, ಥಂಡರ್‌ಬರ್ಡ್ ಮುಚ್ಚಿ ಆ ಫೋಲ್ಡರ್ ಇಡಿಯಾಗಿ ಒಂದು ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ಜಿಮೇಲ್‌ನಲ್ಲಿ ಅಳಿಸಲು ಶುರು ಮಾಡುವುದು ಅದಾದ ಮೇಲೆ. ಬಿನ್ ಖಾಲಿ ಮಾಡುವ ಅವಸರ ಬೇಡ, ಅಳಿಸಿದ್ದು 30 ದಿನ ಅಲ್ಲೇ ಇರುತ್ತದೆ. ಖಾಲಿ ಆಗುವ ತನಕ ಜಾಗ ಮಾತ್ರ ಕಡಿಮೆ ಆಗುವುದಿಲ್ಲ.