ಮೂರು ಪೇಟೆಯ ಅಡಿಕೆ ಧಾರಣೆ ಒಂದೇ ಚಾರ್ಟ್‌ನಲ್ಲಿ: ಗೆರೆಗಳು ಯಾಕೆ ಪಕ್ಕಕ್ಕೆ ಸರಿಯುತ್ತವೆ?

ಪ್ರಶ್ನೆ: ಶಿವಮೊಗ್ಗ, ಸಾಗರ, ಶಿರಸಿಯ ರಾಶಿ ಅಡಿಕೆ ಧಾರಣೆಯನ್ನು ಚಾರ್ಟ್.ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಮೂರು ಗೆರೆಯಾಗಿ ತೋರಿಸಬೇಕು. ಸರ್ವರ್‌ನಿಂದ ಮಾಹಿತಿ ತರುವ ಫೆಚ್‌ನಿಂದ ಬರೋದು ಒಂದೇ ಉದ್ದನೆಯ ಅರೇ (ಪಟ್ಟಿ). ಪ್ರತಿ ಸಾಲಲ್ಲೂ ದಿನಾಂಕ, ಪೇಟೆ, ಬೆಲೆ. ಪೇಟೆವಾರು ಫಿಲ್ಟರ್ ಮಾಡಿ ಕೊಟ್ಟರೆ ಶಿರಸಿಯ ಗೆರೆ ಬೇಗ ಮುಗಿಯುತ್ತೆ, ಬೆಲೆಗಳೂ ಬೇರೆ ದಿನಾಂಕದ ಮೇಲೆ ಕೂರುತ್ತವೆ. ಎಲ್ಲಿ ಎಡವಟ್ಟಾಗ್ತಿದೆ ಸರ್?

ಉತ್ತರ: ಬರೀ ಸಂಖ್ಯೆಗಳ ಅರೇ ಕೊಟ್ಟಾಗ ಚಾರ್ಟ್.ಜೆಎಸ್ ದಿನಾಂಕ ನೋಡೋದಿಲ್ಲ, ಸ್ಥಾನ ನೋಡುತ್ತೆ. ಶಿರಸಿಯಲ್ಲಿ ಒಂದು ದಿನ ವಹಿವಾಟು ಇಲ್ಲದಿದ್ದರೆ ಮುಂದಿನ ಬೆಲೆಗಳೆಲ್ಲ ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ.

ಹಾಗಾಗಿ ಮೊದಲು ಮೂರೂ ಪೇಟೆಯ ದಿನಾಂಕಗಳನ್ನು ಒಂದು ಸೆಟ್‌ಗೆ (ಒಂದೇ ಮೌಲ್ಯ ಎರಡು ಸಲ ಬರದ ಸಂಗ್ರಹ) ಹಾಕಿ, ಅರೇ ಮಾಡಿ ಸಾರ್ಟ್ ಮಾಡಿ. ಅದೇ ನಿಮ್ಮ ಲೇಬಲ್ಸ್, ಅಂದರೆ ಅಡ್ಡ ಅಕ್ಷದ ದಿನಾಂಕಗಳು. ಆಮೇಲೆ ಪ್ರತಿ ಪೇಟೆಗೆ ದಿನಾಂಕದಿಂದ ಬೆಲೆ ಹುಡುಕುವ ಒಂದು ಮ್ಯಾಪ್. ಲೇಬಲ್ಸ್ ಮೇಲೆ ಸುತ್ತು ಹಾಕುತ್ತಾ ಬೆಲೆ ಇದ್ದರೆ ಬೆಲೆ, ಇಲ್ಲದಿದ್ದರೆ ನಲ್ (ಮೌಲ್ಯವಿಲ್ಲ ಎಂಬ ಗುರುತು) ಇಡಿ. 0 ಇಡಬೇಡಿ, ಧಾರಣೆ ನೆಲ ಕಚ್ಚಿದ ಹಾಗೆ ಕಾಣುತ್ತೆ. ರೈತರು ನೋಡುವ ಚಾರ್ಟ್‌ನಲ್ಲಿ ಅದು ದೊಡ್ಡ ಸುಳ್ಳು.

ದಿನಾಂಕ '2024-01-05' ರೂಪದಲ್ಲಿದ್ದರೆ ಸ್ಟ್ರಿಂಗ್ ಆಗಿಯೇ ಸರಿಯಾಗಿ ಸಾರ್ಟ್ ಆಗುತ್ತೆ. '05/01/2024' ಅಂತ ಬಂದರೆ ಒಡೆದು ತಿರುಗಿಸಿ ಜೋಡಿಸಿ. ನೇರ ಡೇಟ್‌ಗೆ ಕೊಟ್ಟರೆ ಮೊದಲ ಅಂಕಿಯನ್ನು ತಿಂಗಳು ಅಂತ ಓದಿ, ಜನವರಿ 5 ಹೋಗಿ ಮೇ 1 ಆಗುತ್ತೆ.

ಬೆಲೆ '48,500' ಅಂತ ಸ್ಟ್ರಿಂಗ್ ಆಗಿ ಬಂದರೆ ಇನ್ನೂ ಹುಷಾರು. ನಂಬರ್‌ಗೆ ಕೊಟ್ಟರೆ ನ್ಯಾನ್ (ಸಂಖ್ಯೆಯಲ್ಲ ಎಂಬ ಗುರುತು), ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಬರೀ 48. ಕಾಮಾ ತೆಗೆದೇ ಪರಿವರ್ತಿಸಿ. ಖಾಲಿ ಸ್ಟ್ರಿಂಗನ್ನು ನಂಬರ್ 0 ಮಾಡುತ್ತೆ, ಅದನ್ನು ಮೊದಲೇ ಹಿಡಿದು ನಲ್ ಮಾಡಿ.

ಮರುಪ್ರಶ್ನೆ: ಸರಿಹೋಯ್ತು ಸರ್. ಆದರೆ ನಲ್ ಇದ್ದ ಕಡೆ ಗೆರೆ ತುಂಡಾಗ್ತಿದೆ.

ಉತ್ತರ: ಆ ಗೆರೆಯ ಡೇಟಾಸೆಟ್‌ನಲ್ಲಿ ಸ್ಪ್ಯಾನ್‌ಗ್ಯಾಪ್ಸ್ ಎಂಬ ಆಯ್ಕೆಯನ್ನು ಟ್ರೂ ಮಾಡಿದರೆ ಕೂಡಿಕೊಳ್ಳುತ್ತೆ. ಒಂದೆರಡು ದಿನದ ರಜೆಗೆ ಇದು ಸರಿ. ವಾರಗಟ್ಟಲೆ ಮಾಹಿತಿ ಇಲ್ಲದಿದ್ದರೆ ತುಂಡಾಗಿಯೇ ಬಿಡೋದು ಒಳ್ಳೆಯದು. ಆಗ ಪಾಯಿಂಟ್ ರೇಡಿಯಸ್ (ಚುಕ್ಕೆಯ ಗಾತ್ರ) 0 ಇಡಬೇಡಿ. ಎರಡು ನಲ್ ನಡುವಿನ ಒಂಟಿ ಬೆಲೆ ಕಾಣೋದೇ ಇಲ್ಲ.

ಇನ್ನೊಬ್ಬರ ಉತ್ತರ: ಎರಡು ಮಾತು ಸೇರಿಸ್ತೀನಿ. 404 (ವಿಳಾಸ ಸಿಗಲಿಲ್ಲ ಎಂಬ ಉತ್ತರ) ಬಂದರೂ ಫೆಚ್ ಎರರ್ ಎಸೆಯೋದಿಲ್ಲ, ಜೇಸನ್ ಓದುವ ಮುಂಚೆ ರೆಸ್ಪಾನ್ಸ್.ಓಕೆ ಟ್ರೂ ಇದೆಯಾ ನೋಡಿ. ಮತ್ತೆ, ಅದೇ ದಿನ ಅದೇ ಪೇಟೆಯಲ್ಲಿ ರಾಶಿ, ಬೆಟ್ಟೆ ಎರಡೂ ಬಂದರೆ ಮ್ಯಾಪ್‌ನಲ್ಲಿ ಕೊನೆಯದು ಮಾತ್ರ ಉಳಿಯುತ್ತೆ. ಇವೆರಡು ಅಡಿಕೆಯ ಬೇರೆ ಬೇರೆ ತಳಿಯಲ್ಲ, ಸಂಸ್ಕರಣೆಯ ಬಗೆ ಬೇರೆ, ಬೆಲೆಯೂ ಬೇರೆ. ಮ್ಯಾಪ್ ಕಟ್ಟುವ ಮೊದಲೇ ರಾಶಿಯ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿಕೊಳ್ಳಿ.