ಅರ್ಧಕ್ಕೆ ನಿಂತ ಎಸ್‌ಸಿಪಿ: ಮತ್ತೆ ಮೊದಲಿಂದಾನಾ?

ಅರ್ಧದಾರಿ: ಹಳೆ ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಹೊಸ ಕಂಪ್ಯೂಟರ್‌ಗೆ 60 ಜಿಬಿ ಫೋಟೊ ಕಳಿಸಬೇಕು. ಎರಡೂ ಒಂದೇ ವೈಫೈನಲ್ಲಿವೆ. ರಾತ್ರಿ ಎಸ್‌ಸಿಪಿಗೆ (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ನಕಲು ಮಾಡುವ ಕಮಾಂಡ್) ಇಡೀ ಫೋಲ್ಡರ್ ಹೋಗಲೆಂದು ಹೈಫನ್ ಆರ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪ್ ನಿದ್ದೆಗೆ ಜಾರಿ ಅರ್ಧಕ್ಕೇ ನಿಂತಿದೆ. ಮತ್ತೆ ಅದೇ ಕಮಾಂಡ್ ಕೊಟ್ಟರೆ ಮೊದಲ ಫೋಟೊದಿಂದ ಶುರು! ಉಳಿದದ್ದನ್ನಷ್ಟೇ ಕಳಿಸಲು ಆಗುವುದಿಲ್ಲವೇ?

ಹಳೇಕೀಲಿ: ಎಸ್‌ಸಿಪಿ ಆ ಕಡೆ ಏನಿದೆ ಎಂದು ನೋಡುವುದೇ ಇಲ್ಲ, ಸುಮ್ನೆ ತುಂಬುತ್ತಾ ಹೋಗುತ್ತದೆ. ಆರ್‌ಸಿಂಕ್ ಬಳಸಿ, ಅದು ಎರಡೂ ಕಡೆ ಹೋಲಿಸಿ ಬೇಕಾದ್ದನ್ನಷ್ಟೇ ಕಳಿಸುವ ಕಮಾಂಡ್. ಹೈಫನ್ ಎ (ಇಡೀ ಫೋಲ್ಡರ್, ಸಮಯ ಸಮೇತ), ಜೊತೆಗೆ ಹೈಫನ್ ದೊಡ್ಡ ಪಿ (ಕಡಿದರೂ ಅರ್ಧ ಬಂದ ಫೈಲ್ ಉಳಿಯುತ್ತದೆ). ಗಾತ್ರ, ತಿದ್ದಿದ ಸಮಯ ಎರಡೂ ಹೊಂದಿದರೆ ಆ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಎರಡೂ ಕಡೆ ಆರ್‌ಸಿಂಕ್ ಇನ್‌ಸ್ಟಾಲ್ ಆಗಿರಬೇಕು, ಅಷ್ಟೇ.

ಮಿನುಗುಕರ್ಸರ್: ಎಸ್‌ಸಿಪಿಯನ್ನು ಇನ್ನೂ ಬಳಸುತ್ತೀರಾ? ಅದರ ಪ್ರೊಟೊಕಾಲ್ (ಎರಡು ಯಂತ್ರಗಳು ಮಾತಾಡಿಕೊಳ್ಳುವ ನಿಯಮ) ಹಳತಾಗಿದೆ ಎಂದು 2019ರಲ್ಲಿ ಅದನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಚ್‌ನವರೇ ಬರೆದರು. ಸತ್ತ ಕುದುರೆ ಅದು.

ಹಳೇಕೀಲಿ: ಹಳತಾಗಿದ್ದು ಪ್ರೊಟೊಕಾಲ್, ಕಮಾಂಡ್ ಅಲ್ಲ ಮಾರಾಯ್ರೆ. 2022ರ ಓಪನ್‌ಎಸ್‌ಎಸ್‌ಎಚ್ 9.0 ಆವೃತ್ತಿಯಿಂದ ಎಸ್‌ಸಿಪಿ ಒಳಗೊಳಗೇ ಎಸ್‌ಎಫ್‌ಟಿಪಿ ಎಂಬ ಬೇರೆ ಪ್ರೊಟೊಕಾಲನ್ನೇ ಬಳಸುತ್ತದೆ. ಆ ಕಡೆ ಹಳೆ ರೂಟರ್ ಇದ್ದು ಎಸ್‌ಎಫ್‌ಟಿಪಿ ಇಲ್ಲದಿದ್ದರೆ ಹೈಫನ್ ದೊಡ್ಡ ಓ ಹಾಕಿ, ಹಳೆ ದಾರಿ ಹಿಡಿಯುತ್ತದೆ. ಒಂದು ಕಾನ್ಫಿಗ್ ಫೈಲ್ ಕಳಿಸಲು ನಾನು ಈಗಲೂ ಎಸ್‌ಸಿಪಿಯನ್ನೇ ಹೊಡೆಯುವುದು.

ಟಾರ್‌ಪ್ರಿಯ: ಸಣ್ಣ ಸಣ್ಣ ಫೈಲ್ ಲಕ್ಷಗಟ್ಟಲೆ ಇದ್ದರೆ ಎರಡೂ ಬೇಡ. ಟಾರ್ ಕಮಾಂಡ್‌ನಿಂದ ಎಲ್ಲವನ್ನೂ ಒಂದೇ ಗಂಟು ಮಾಡಿ ಎಸ್‌ಎಸ್‌ಎಚ್ (ಇನ್ನೊಂದು ಕಂಪ್ಯೂಟರ್‌ಗೆ ಸುರಕ್ಷಿತ ಸಂಪರ್ಕ) ಪೈಪ್‌ಗೆ ನೇರ ಹರಿಯಬಿಡಿ, ಆ ಕಡೆ ಟಾರ್ ಬಿಚ್ಚಿಕೊಳ್ಳುತ್ತದೆ.

ಮಿನುಗುಕರ್ಸರ್: ಪೈಪ್ ಕಡಿದರೆ? ಅರ್ಧದಾರಿಯವರ ಗೋಳೇ ಅದು, ಅಲ್ವಾ?

ಟಾರ್‌ಪ್ರಿಯ: ಹೌದು, ಒಪ್ಪಿದೆ. ಕೇಬಲ್ ಹಾಕಿಕೊಂಡವರಿಗೆ ಮಾತ್ರ ನನ್ನ ಸಲಹೆ.

ನಿಧಾನಿ: ಯಾರೂ ಹೇಳದ ಒಂದು ಮಾತಿದೆ. ಅರ್ಧದಾರಿಯವರೇ, ಎಸ್‌ಸಿಪಿಗೆ ಸಣ್ಣ ಪಿ ಹಾಕಿದ್ದಿರಾ? ಇಲ್ಲದಿದ್ದರೆ ಆ ಕಡೆ ಹೋದ ಫೋಟೊಗಳಿಗೆಲ್ಲ ನಿನ್ನೆ ರಾತ್ರಿಯ ಸಮಯ ಬಿದ್ದಿರುತ್ತದೆ. ಆರ್‌ಸಿಂಕ್‌ಗೆ ಅವೆಲ್ಲ ಬೇರೆ ಫೈಲ್‌ನಂತೆ ಕಾಣುತ್ತವೆ. ಪೂರ್ತಿ ಮತ್ತೆ ಕಳಿಸುವುದಿಲ್ಲ, ನಿಜ. ಆದರೆ ಎರಡೂ ಕಡೆ ಪ್ರತಿ ಫೈಲನ್ನು ಓದಿ ತಾಳೆ ನೋಡುತ್ತಾ ಕೂರುತ್ತದೆ. ಈ ಒಂದು ಸಲ ಎರಡು ಹೈಫನ್‌ನ ಸೈಜ್-ಓನ್ಲಿ ಸೇರಿಸಿ. ಗಾತ್ರ ಸರಿ ಇದ್ದದ್ದನ್ನು ಬಿಡುತ್ತದೆ, ಅರ್ಧ ಬಂದ ಕೊನೆಯ ಫೋಟೊವನ್ನು ಸರಿಮಾಡುತ್ತದೆ.

ಮೂಲದ ಹೆಸರಿನ ಕೊನೆಯ ಸ್ಲ್ಯಾಶ್ ಮೇಲೂ ಕಣ್ಣಿರಲಿ. ಸ್ಲ್ಯಾಶ್ ಇದ್ದರೆ ಒಳಗಿನದ್ದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ತಪ್ಪಿದರೆ 60 ಜಿಬಿ ಇನ್ನೊಂದು ಜಾಗದಲ್ಲಿ ಹೊಸದಾಗಿ ಬಂದು ಕೂರುತ್ತದೆ.

ಮಿನುಗುಕರ್ಸರ್: ಹಾಗೇ ಡಿಲೀಟ್ ಆಯ್ಕೆಯನ್ನೂ ಸೇರಿಸಿಬಿಡಿ, ಎರಡೂ ಕಡೆ ಒಂದೇ ಆಗುತ್ತದೆ.

ನಿಧಾನಿ: ಬೇಡ! ನಾನು ಸುಟ್ಟುಕೊಂಡಿದ್ದೇನೆ. ಮೂಲದ ಡಿಸ್ಕ್ ಮೌಂಟ್ ಆಗಿರಲಿಲ್ಲ (ಸಿಸ್ಟಂಗೆ ಜೋಡಣೆಯಾಗಿರಲಿಲ್ಲ), ಅದರ ಫೋಲ್ಡರ್ ಮಾತ್ರ ಖಾಲಿ ಇತ್ತು. ಕೊನೆಗೆ ಸ್ಲ್ಯಾಶ್, ಜೊತೆಗೆ ಡಿಲೀಟ್. ಆರ್‌ಸಿಂಕ್ ಹೇಳಿದ್ದನ್ನೇ ಮಾಡಿತು: ಈ ಕಡೆ ಏನೂ ಇಲ್ಲ, ಹಾಗಾದರೆ ಆ ಕಡೆಯೂ ಏನೂ ಇರಬಾರದು. ಬ್ಯಾಕಪ್ ಪೂರ್ತಿ ಗುಡಿಸಿ ಹೋಯಿತು. ಈಗ ಮೊದಲು ಹೈಫನ್ ಎನ್ ಹಾಕಿ ಒಣ ಓಟ (ಏನೂ ಕಳಿಸದೆ, ಅಳಿಸದೆ, ಏನಾಗಲಿದೆ ಎಂದು ತೋರಿಸುವ ಪರೀಕ್ಷೆ) ಓಡಿಸಿ, ಪಟ್ಟಿ ಓದಿಯೇ ಎಂಟರ್ ಒತ್ತುವುದು.

ಮಿನುಗುಕರ್ಸರ್: ಸರಿ, ಹಿಂತೆಗೆದುಕೊಂಡೆ.

ಅರ್ಧದಾರಿ: ಒಣ ಓಟ ಮಾಡಿದೆ. ಪಟ್ಟಿಯಲ್ಲಿ ಅರ್ಧದಷ್ಟು ಬರಬೇಕಿತ್ತು, ಎಲ್ಲ ಫೋಟೊಗಳೂ ಬಂದಿವೆ. ಆ ಕಡೆ ಒಂದೂ ಇಲ್ಲವಂತೆ.

ಹಳೇಕೀಲಿ: ರಾತ್ರಿ ಕೊಟ್ಟ ಕಮಾಂಡ್‌ನಲ್ಲಿ ಕಂಪ್ಯೂಟರ್ ಹೆಸರಿನ ಕೊನೆಗೆ ಕೋಲನ್ ಇತ್ತಾ? ಇಲ್ಲದಿದ್ದರೆ ಎಸ್‌ಸಿಪಿ ಅದನ್ನು ಇದೇ ಯಂತ್ರದ ಫೋಲ್ಡರ್ ಹೆಸರು ಅಂದುಕೊಳ್ಳುತ್ತದೆ.

ಅರ್ಧದಾರಿ: ಅಯ್ಯೋ. ಈ ಲ್ಯಾಪ್‌ಟಾಪ್‌ನಲ್ಲೇ "ಹೊಸಪಿಸಿ" ಅಂತ ಒಂದು ಫೋಲ್ಡರ್ ಇದೆ, ಒಳಗೆ 30 ಜಿಬಿ ಫೋಟೊ.